ಹೊಳೆ ಬಿಟ್ಟು ಕೂತ ಮಂಜಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಹೆಂಗಸು. ಮಿರ್ಜಾನದಲ್ಲಿ ಹೆದ್ದಾರಿ ಬಿಟ್ಟು ಹೊಳೆಯ ಕಡೆ ಇಳಿದರೆ ಒಂದು ಸಣ್ಣ ಕನ್ನಡ ಶಾಲೆ ಸಿಗುತ್ತದೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದನೇ, ಎರಡನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದೇನೆ. ಎದುರಿಗೆ ನನ್ನನ್ನು ‘ಮಾಲಿನಿ ಅಕ್ಕೋರು’ ಎನ್ನುತ್ತಾರೆ. ಬೆನ್ನ ಹಿಂದೆ ‘ಸೂಜಿಮೆಣಸು’ ಎನ್ನುತ್ತಾರಂತೆ. ಎನ್ನಲಿ, ನನಗೇನೂ ಬೇಜಾರಿಲ್ಲ. ನಾನು ಬರೆಯಲು ಕೂತದ್ದು ಮಂಜಿಯ ಬಗ್ಗೆ. ಆದರೆ ಮಂಜಿಯ ಕತೆಯಲ್ಲಿ ನಾನೂ ಬರುತ್ತೇನೆ, ಅದೂ ಹೇಳಿಕೊಳ್ಳುವಂಥ ರೀತಿಯಲ್ಲಿ ಅಲ್ಲ.

ಮಂಜಿಗೆ ಅರವತ್ತೆರಡೋ ಅರವತ್ತಮೂರೋ. ಒಣಗಿದ ಕಡ್ಡಿಯ ಹಾಗಿದ್ದಾಳೆ, ಆದರೆ ಬಳಚು ತುಂಬಿದ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ದಂಡೆ ಹತ್ತುವಾಗ ನೋಡಬೇಕು, ಬೆನ್ನು ಒಂದಿಷ್ಟೂ ಬಾಗುವುದಿಲ್ಲ. ಅಘನಾಶಿನಿಯಲ್ಲಿ ನೀರು ಇಳಿದಾಗ ಕೆಸರಿಗೆ ಕಾಲಿಟ್ಟು, ಬೆರಳಲ್ಲಿ ತಡಕಿ ಬಳಚು ಎಂಬ ಆ ತಿನ್ನುವ ಕಪ್ಪೆಚಿಪ್ಪುಗಳನ್ನು ಹೆಕ್ಕಿ ಮಾರುವುದು ಅವಳ ಕೆಲಸ. ಹನ್ನೊಂದನೇ ವರ್ಷಕ್ಕೆ ಅವ್ವಿಯ ಹಿಂದೆ ಹೊಳೆಗೆ ಇಳಿದವಳು ಇನ್ನೂ ಹತ್ತಿಲ್ಲ. ಗಂಡ ಮಾಬ್ಲ ತೀರಿಹೋಗಿ ಬಹಳ ಕಾಲವಾಯಿತು. ಒಬ್ಬನೇ ಮಗ ದಿನಕರ ಹೊನ್ನಾವರದ ಕಡೆ ದೊಡ್ಡ ದೋಣಿಯಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೋ ಹದಿನೈದು ದಿನಕ್ಕೋ ಮನೆಗೆ ಬರುತ್ತಾನೆ. ಸೊಸೆ ಜಯಂತಿ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಮನೆ. ಮೊಮ್ಮಗಳು ಸುಚಿತಾಳನ್ನು ಸಾಕಿದ್ದೆಲ್ಲ ಮಂಜಿಯೇ.

ಮಂಜಿಯ ಮನೆಯಲ್ಲಿ ಗೋಡೆ ಗಡಿಯಾರ ಒಂದಿತ್ತು. ಅದು ನಿಂತು ಎಷ್ಟು ವರ್ಷವಾಯಿತೋ ಯಾರಿಗೂ ನೆನಪಿರಲಿಲ್ಲ. ಅವಳಿಗೆ ಅದರ ಗರಜೂ ಇರಲಿಲ್ಲ. ಭರತ, ಅಂದರೆ ಕಡಲಿನ ಉಬ್ಬರ, ಹೊಳೆಗೆ ಎಷ್ಟು ಹೊತ್ತಿಗೆ ಏರುತ್ತದೆ, ಇಳಿತ ಎಷ್ಟು ಹೊತ್ತಿಗೆ ಎಂಬುದು ಮನೆಯೊಳಗೆ ಕೂತೇ ಅವಳಿಗೆ ಗೊತ್ತಾಗುತ್ತಿತ್ತು. ಏಳುವುದು, ಉಣ್ಣುವುದು, ಪೇಟೆಗೆ ಹೋಗುವುದು ಎಲ್ಲವೂ ಅದರ ಪ್ರಕಾರವೇ. “ಮಕ್ಕಳು ಹುಟ್ಟೂದು ಭರತದಲ್ಲಿ, ಜೀವ ಹೋಗೂದು ಇಳಿತದಲ್ಲಿ. ನಮ್ಮ ಮಾಬ್ಲನ ಜೀವನೂ ನೀರು ಪೂರ್ತಿ ಇಳಿದ ಮೇಲೇ ಹೋದದ್ದು” ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾಳೆ. ನಾನು ನಕ್ಕುಬಿಡುತ್ತಿದ್ದೆ.

ಸುಚಿತಾ ಎರಡನೇ ಇಯತ್ತೆಗೆ ಬಂದ ಜೂನ್ ತಿಂಗಳಲ್ಲಿ ತರಗತಿಯಲ್ಲಿ ಒಂದು ವಾಸನೆ ಶುರುವಾಯಿತು. ಮಕ್ಕಳಿಗೆ ದಯೆ ದಾಕ್ಷಿಣ್ಯ ಇರುತ್ತದೆಯೇ? ಮೂಗು ಹಿಡಿದುಕೊಂಡು “ಅಕ್ಕೋರೆ, ಸುಚಿತಾ!” ಎಂದು ಕೂಗಿದರು. ಹತ್ತಿರ ಹೋಗಿ ನೋಡಿದರೆ ಚಡ್ಡಿಯಲ್ಲಿ ಆಗಿಹೋಗಿದೆ. ಹುಡುಗಿ ಮಾತ್ರ ಸ್ಲೇಟಿನ ಮೇಲೆ ಏನೋ ಬರೆಯುತ್ತ ಕೂತಿದ್ದಾಳೆ, ಏನೂ ಆಗದವರ ಹಾಗೆ. ನನಗೆ ಎಲ್ಲಿತ್ತೋ ಸಿಟ್ಟು.

“ಬಂದಾಗ ಹೇಳೂಕೆ ಬಾಯಿಲ್ವನೇ ನಿಂಗೆ?”

“ಗೊತ್ತಾಗ್ಲಿಲ್ಲ ಅಕ್ಕೋರೆ” ಎಂದಳು.

ಏಳು ವರ್ಷದ ಹುಡುಗಿಗೆ ಗೊತ್ತಾಗುವುದಿಲ್ಲವೆಂದರೆ ಯಾರು ನಂಬುತ್ತಾರೆ? ಹಸಿ ಸುಳ್ಳು ಎಂದುಕೊಂಡೆ. ಬಾಗಿಲ ಬಳಿ ಬೇರೆ ಚಾಪೆ ಹಾಕಿ ಅವಳನ್ನು ಕೂರಿಸಿದೆ. ಗಾಳಿ ಬರಲಿ ಎಂದು ಹೇಳಿಕೊಂಡೆ, ಆದರೆ ಅದು ಶಿಕ್ಷೆಯೇ ಆಗಿತ್ತು.

ಮಳೆಗಾಲವಿಡೀ ಹೀಗೇ ನಡೆಯಿತು. ದಿನಕ್ಕೆ ಒಂದು ಸಲ, ಎರಡು ಸಲ, ಸ್ವಲ್ಪ ಸ್ವಲ್ಪ, ನೀರು ನೀರಾಗಿ. ಮಂಜಿಗೂ ಜಯಂತಿಗೂ ಇದು ಭೇದಿ ಎಂಬುದರಲ್ಲಿ ಅನುಮಾನವೇ ಇರಲಿಲ್ಲ, ನನಗೂ ಇರಲಿಲ್ಲ. ದಾಳಿಂಬೆ ಸಿಪ್ಪೆಯ ಕಷಾಯ ಮಾಡಿ ಕುಡಿಸಿದರು. ಹಣ್ಣು ಬಂದ್, ಸೊಪ್ಪು ಬಂದ್, ನೀರು ಕೂಡ ಅಳತೆಯಲ್ಲಿ. ಬರೇ ಗಂಜಿ, ಕಾಯಿಬಾಳೆಯ ಪಲ್ಯ, ಹಾಲಿಲ್ಲದ ಕಡು ಚಹಾ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದದ್ದೂ ಆಯಿತು. ಹುಡುಗಿಯ ಕೈಕಾಲು ಸೊರಗಿದವು, ಹೊಟ್ಟೆ ಮಾತ್ರ ಉಬ್ಬಿಕೊಂಡೇ ಇತ್ತು. ಆಡಲು ಯಾರೂ ಕರೆಯುವುದಿಲ್ಲ, ಬಿಸಿಯೂಟಕ್ಕೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಕಂಬದ ಹತ್ತಿರ ಒಬ್ಬಳೇ ಕೂತು ಉಣ್ಣುತ್ತಿದ್ದಳು.

ಚೌತಿ ಕಳೆದ ಮೇಲೆ ಶಾಲಾ ಸಮಿತಿಯ ಸಭೆಯಾಯಿತು. ಅಧ್ಯಕ್ಷ ತಿಮ್ಮಪ್ಪ ಕೆಟ್ಟವನಲ್ಲ, ಆದರೆ ಅವನದೂ ಒಂದು ಹೆದರಿಕೆ ಇತ್ತು. ನಮ್ಮ ಶಾಲೆಯಲ್ಲಿ ಇರುವುದೇ ಇಪ್ಪತ್ಮೂರು ಮಕ್ಕಳು. ಇಂಗ್ಲಿಷ್ ಶಾಲೆಯ ವ್ಯಾನು ದಿನಾ ಕೇರಿಯ ತನಕ ಬಂದು ಹಾರನ್ ಹೊಡೆಯುತ್ತದೆ. “ನಾಲ್ಕು ಮನೆಯವರು ಆಗ್ಲೇ ಹೇಳಿಯಾತು, ಆ ಹುಡುಗಿ ಇದ್ರೆ ನಮ್ಮ ಮಕ್ಕಳ್ನ ಕಳಸೂದಿಲ್ಲ ಅಂತ. ಸರಿಯಾಗೂ ತನಕ ಮನೇಲಿರ್ಲಿ ಅಕ್ಕೋರೆ” ಎಂದ. ನಾನು ತಲೆ ಆಡಿಸಿದೆ. ಹೌದು, ಆಡಿಸಿದೆ. ಮಂಜಿಗೆ ಹೇಳುವ ಕೆಲಸವೂ ನನಗೇ ಬಂತು.

ಮಂಜಿ ಹೊಳೆಯಿಂದ ನೇರ ಬಂದಿದ್ದಳು. ಸೀರೆ ಮೊಣಕಾಲಿನ ತನಕ ಒದ್ದೆ, ಉಗುರಲ್ಲಿ ಕೆಸರು. ನಾನು ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಲಿಲ್ಲ.

“ಮನೇಲಿ ಕೂತ್ರೆ ಗುಣ ಆತದೆ ಅಂತ ಯಾವ ಡಾಕ್ಟ್ರು ಹೇಳಿದ್ರು ಅಕ್ಕೋರೆ? ನಾ ಓದದವ್ಳು. ನೀವು ಓದಿದವ್ರು, ಹೇಳಿ.”

ಯಾವ ಡಾಕ್ಟರೂ ಹೇಳಿರಲಿಲ್ಲ. ಮೂರು ತಿಂಗಳು ಬೈದಿದ್ದೆವು, ಕಷಾಯ ಕುಡಿಸಿದ್ದೆವು, ಬಾಗಿಲಲ್ಲಿ ಕೂರಿಸಿದ್ದೆವು. ಮಕ್ಕಳ ಡಾಕ್ಟರಿಗೆ ತೋರಿಸಬೇಕು ಅಂತ ಇಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. “ಶನಿವಾರ ಮಧ್ಯಾಹ್ನ ತಯಾರಾಗಿರು ಮಂಜಕ್ಕ, ನಾನೇ ಕರ್ಕಂಡು ಹೋಗ್ತೆ” ಎಂದೆ.

ಕುಮಟೆಯ ಡಾಕ್ಟರು ಅರ್ಚನಾ ಎಂಬ ಸಣ್ಣ ಪ್ರಾಯದ ಹೆಂಗಸು. ಸುಚಿತಾಳನ್ನು ಮಲಗಿಸಿ ಹೊಟ್ಟೆಯನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿ ನೋಡಿದರು. ಆಮೇಲೆ ಮಂಜಿಯ ಕೈಯನ್ನೇ ಹಿಡಿದು ಎಡಭಾಗಕ್ಕೆ ಇಟ್ಟು, “ಇಲ್ಲಿ ಗಟ್ಟಿ ತಾಗ್ತದಲ್ಲ?” ಎಂದರು. ತಾಗಿತು.

“ಇದು ಭೇದಿ ಅಲ್ಲ ಅಮ್ಮ. ಹೊಟ್ಟೆ ಕಟ್ಟಿಹೋಗಿದೆ. ತಿಂಗಳುಗಟ್ಟಲೆಯದ್ದು ಒಳಗೇ ಗಟ್ಟಿಯಾಗಿ ನಿಂತಿದೆ. ಹೊಸದಾಗಿ ಬರೋ ತೆಳ್ಳಗಿನದು ಅದರ ಬದಿಯಿಂದ ಸೋರ್ತದೆ, ಅಷ್ಟೇ. ಕರುಳು ಹಿಗ್ಗಿ ಹಿಗ್ಗಿ ‘ಬಂತು’ ಅನ್ನೋದೇ ಅವಳಿಗೆ ತಿಳಿಯೋದಿಲ್ಲ. ಅವಳು ಸುಳ್ಳು ಹೇಳ್ತಿಲ್ಲ.”

ನನ್ನ ಕಿವಿ ಬಿಸಿಯಾಯಿತು. ಮಂಜಿ ಮಾತ್ರ ಒಪ್ಪಲಿಲ್ಲ. “ಕಟ್ಟಿದ್ರೆ ಹೋಗೂದು ಹೆಂಗೆ? ದಿನಾ ತೊಳೂದು ನಾನಲ್ದಾ?” ಎಂದಳು. ಡಾಕ್ಟರು ಸಿಟ್ಟಾಗದೆ ಇನ್ನೊಮ್ಮೆ ಹೇಳಿದರು. ಮಂಜಿ ತಟ್ಟನೆ ಹಣೆ ಬಡಿದುಕೊಂಡಳು. ನಮ್ಮ ಕಡೆ ಹೊಳೆಬದಿಯ ತಗ್ಗಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದ ಹಾಗೆ ಕಟ್ಟೆ ಕಟ್ಟಿ, ಇಳಿತದಲ್ಲಿ ಒಳಗಿನ ನೀರು ಹೊರಗೆ ಹೋಗಲು ಮರದ ಬಾಗಿಲು ಇಟ್ಟಿರುತ್ತಾರೆ. “ಬಾಗಿಲಿಗೆ ಕಸ ತುಂಬಿ ಕಟ್ಟಿರ್ತದೆ. ಬದಿ ಸಂದಿಂದ ಮಾತ್ರ ಜಿನಿಜಿನಿ ನೀರು ಹೋತಿರ್ತದೆ. ನೋಡ್ದವ್ರು ಬಾಗಿಲು ತೆರ್ದದೆ ಅಂದ್ಕಳ್ತ್ರು. ಅಯ್ಯೋ ದೇವ್ರೇ, ನಾ ಅದ್ಕೆ ಮತ್ತೂ ದಾಳಿಂಬೆ ಸಿಪ್ಪೆ ಮೆತ್ತಿದ್ನಲ್ಲ!”

ಡಾಕ್ಟರು ನಕ್ಕರು. ಆಮೇಲೆ ಸುಚಿತಾಳನ್ನು ಕೇಳಿದರು: “ಮೊದಲು ಯಾವಾಗ ತಡೆದು ಇಟ್ಕೊಂಡೆ ಪುಟ್ಟಿ? ನೋವಾಗಿತ್ತಾ?”

ಹುಡುಗಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನೋಡಿ ತಲೆ ತಗ್ಗಿಸಿದಳು. ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು. ಒಂದನೇ ಇಯತ್ತೆಯಲ್ಲಿದ್ದಾಗ ಲೆಕ್ಕದ ಹೊತ್ತಿನಲ್ಲಿ ಎದ್ದು ನಿಂತು ಹೋಗಬೇಕು ಎಂದು ಕೇಳಿದ್ದಳಂತೆ. “ಬೆಲ್ ಆದ್ಮೇಲೆ ಹೋಗು ಅಂದ್ರು.” ಬೆಲ್ ಆದ ಮೇಲೆ ಹೋದರೆ ಸಂಡಾಸದ ಬಾಗಿಲಿಗೆ ಚಿಲಕ ಇಲ್ಲ, ಗಂಡುಹುಡುಗರು ಬಾಗಿಲು ದೂಡಿ ನಕ್ಕರು. ಎದ್ದು ಬಂದುಬಿಟ್ಟಳು. ಮಾರನೇ ದಿನ ಮನೆಯಲ್ಲಿ ಕೂತಾಗ ಗಟ್ಟಿಯಾಗಿ ಹರಿದು ರಕ್ತ ಬಂತು. ಅಂದಿನಿಂದ ಬಂದಾಗಲೆಲ್ಲ ಕಾಲು ಬಿಗಿದುಕೊಂಡು ತಡೆಯುವುದನ್ನು ಕಲಿತಳು. ಯಾರಿಗೂ ಹೇಳಲಿಲ್ಲ.

ಬೆಲ್ ಆದ ಮೇಲೆ ಹೋಗು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ, ಲೆಕ್ಕವಿಲ್ಲ. ಅದು ಶಿಸ್ತು ಎಂದುಕೊಂಡಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಮಕ್ಕಳಿಗೆ ಗಾದೆ ಬರೆಸುವವಳೂ ನಾನೇ. ಅಲ್ಲಿ ಕೂರಲಾಗದೆ ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಂಜಿಯ ಕೈ ಹಿಡಿದು, “ತಪ್ಪಾಯ್ತು ಮಂಜಕ್ಕ, ಹೊಟ್ಟೆಗೆ ಹಾಕ್ಕೋ” ಎಂದೆ.

“ಹೊಟ್ಟೆಗೆ ಹಾಕ್ಕಂಡು ಹಾಕ್ಕಂಡೇ ಹುಡುಗಿ ಹಿಂಗಾದದ್ದು. ನೀವು ಹೊರಗೆ ಹಾಕಿಬಿಡಿ, ನಾನೂ ಹಾಕ್ತೆ” ಎಂದಳು ಮಂಜಿ. ಇಡೀ ಬಸ್ಸು ತಿರುಗಿ ನೋಡುವ ಹಾಗೆ ಇಬ್ಬರೂ ನಕ್ಕೆವು. ಸುಚಿತಾ ನಡುವೆ ಕೂತು ಇವರಿಗೇನಾಯಿತು ಎಂದು ನೋಡುತ್ತಿದ್ದಳು.

ಅದೇ ಸಂಜೆ ತಿಮ್ಮಪ್ಪನ ಮನೆಗೆ ಹೋದೆ. ಹುಡುಗಿ ಶಾಲೆಗೆ ಬರುತ್ತಾಳೆ, ಇದು ರೋಗವೇ ಹೊರತು ಹೊಲಸು ಬುದ್ಧಿ ಅಲ್ಲ ಎಂದೆ. ಬೇಕಾದರೆ ನನ್ನನ್ನೇ ಬೇರೆ ಶಾಲೆಗೆ ಹಾಕಿಸು ಎಂದೂ ಹೇಳಿದೆ. ತಿಮ್ಮಪ್ಪ ತಲೆ ತುರಿಸಿಕೊಂಡ. “ಜನವರಿಲಿ ಮಕ್ಕಳ್ನ ಅಪ್ಸರಕೊಂಡಕ್ಕೆ ಕರ್ಕಂಡು ಹೋಗೂದಿದ್ಯಲ್ಲ ಅಕ್ಕೋರೆ. ಬಸ್ಸಲ್ಲಿ ಹುಡುಗಿ ಶುದ್ಧ ಹೋಗಿ ಶುದ್ಧ ಬಂದ್ರೆ ಆ ನಾಲ್ಕು ಮನೆಯವ್ರ ಬಾಯಿ ನಾ ಮುಚ್ಚಿಸ್ತೆ. ಆಗ್ದಿದ್ರೆ ನನ್ ಕೈಲಿಲ್ಲ. ಅವ್ರು ಮಕ್ಕಳ್ನ ತೆಗೀತ್ರು, ಇಲ್ಲಾ ನೀವು ಹುಡುಗಿನ ಬಿಡಿಸ್ಬೇಕಾತದೆ.” ನಾಲ್ಕು ತಿಂಗಳೂ ಇರಲಿಲ್ಲ. ಸುಚಿತಾ ಶಾಲೆಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ಆ ಒಂದು ದಿನಕ್ಕೆ ಬಂದು ನಿಂತಿತು.

ದಸರೆ ರಜೆಯ ಮೊದಲ ಮೂರು ದಿನ ಡಾಕ್ಟರು ಕೊಟ್ಟ ಪುಡಿಯನ್ನು ನೀರಲ್ಲಿ ಕಲಸಿ, ಹೇಳಿದಷ್ಟು ಕುಡಿಸಿದರು. ಎರಡನೇ ದಿನ ಶುರುವಾಯಿತು. ಮಂಜಿ ಬಾಗಿಲಲ್ಲೇ ಕೂತಿದ್ದಳು, ಹುಡುಗಿ ಒಳಗಿನಿಂದ ಅಳುತ್ತಿದ್ದಳು. ಮುಗಿದ ಮೇಲೆ ಮಂಜಿ ನನಗೆ ಫೋನು ಮಾಡಿಸಿದಳು. “ಅಕ್ಕೋರೆ, ಕಲ್ಲು! ಕಲ್ಲಿನ ಹಾಂಗಿತ್ತು! ಇಷ್ಟು ಸಣ್ಣ ಹೊಟ್ಟೇಲಿ ಅದೆಲ್ಲಿತ್ತೋ! ಈಗ ಎರಡು ದೋಸೆ ತಿಂದು ಮಲ್ಕಂಡದೆ.” ಅವಳ ಸಂತೋಷ ಕೇಳಿ ನನಗೂ ಹಸಿವಾಯಿತು.

ಡಾಕ್ಟರು ಹೇಳಿದ್ದರು, ಖಾಲಿಯಾದರೆ ಕೆಲಸ ಮುಗಿಯಲಿಲ್ಲ, ಈಗ ಶುರು. ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಳು ಬೇಕು. ಪುಡಿ ದಿನಾ ಬೇಕು, ಸರಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಬಾರದು. ನೀರು, ಹಣ್ಣು, ಸೊಪ್ಪು ಬೇಕು. ತಿಂದ ಮೇಲೆ ದಿನಾ ಒಂದೇ ಹೊತ್ತಿಗೆ ಹತ್ತು ನಿಮಿಷ ಕೂರಿಸಬೇಕು, ಬರಲಿ ಬಿಡಲಿ. ಬೈಯಬಾರದು. ಮಂಜಿ ಸಂಡಾಸದ ಗೋಡೆಯ ಮೊಳೆಗೆ ಹಳೆಯ ದೋಣಿಯ ಹಗ್ಗದ ತುಂಡು ಕಟ್ಟಿದಳು, ಹುಡುಗಿ ಹಿಡಿದುಕೊಂಡು ಕೂರಲು. ಹೊರಗೆ ತಾನು ಕೂತು ಕತೆ ಹೇಳುವಳು. ಚಡ್ಡಿ ಶುದ್ಧ ಇದ್ದ ದಿನ ಕರಟದಲ್ಲಿ ಒಂದು ಬಳಚಿನ ಚಿಪ್ಪು ಹಾಕುವುದು ಸುಚಿತಾಳ ಕೆಲಸ.

ಇತ್ತ ನಾನು ಆಚಾರಿ ದೇವಪ್ಪನನ್ನು ಕರೆಸಿ ಶಾಲೆಯ ಸಂಡಾಸಕ್ಕೆ ಚಿಲಕ ಹಾಕಿಸಿದೆ. ಬಾಗಿಲ ಬಳಿಯ ಚಾಪೆ ತೆಗೆದು ಸುಚಿತಾಳನ್ನು ನನ್ನ ಮೇಜಿನ ಹತ್ತಿರ ಕೂರಿಸಿದೆ.

ರಜೆ ಮುಗಿದು ಶಾಲೆ ಶುರುವಾದ ಸೋಮವಾರ, ಹತ್ತೂವರೆಗೆ ಮಂಜಿ ಬಾಗಿಲಲ್ಲಿ ನಿಂತಳು. ಒದ್ದೆ ಸೀರೆ, ಮೈಯೆಲ್ಲ ಕೆಸರು. “ಹುಡುಗಿನ ಒಂಚೂರು ಬಿಡಿ ಅಕ್ಕೋರೆ, ಕೂರಿಸ್ಕಂಡು ಬತ್ತೆ.” ಬಿಟ್ಟೆ. ಮಂಗಳವಾರ ಹನ್ನೊಂದೂಕಾಲಿಗೆ ಬಂದಳು. ಬುಧವಾರ ಹನ್ನೆರಡಕ್ಕೆ. ಗುರುವಾರ ಬಿಸಿಯೂಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಓಡಿಬಂದಳು, ಹೊಟ್ಟೆ ಖಾಲಿ ಇದ್ದ ಹುಡುಗಿಯನ್ನು ಎಬ್ಬಿಸಿಕೊಂಡು ಹೋದಳು. ಏನೂ ಆಗಲಿಲ್ಲ. ಆ ದಿನ ಮೂರು ಗಂಟೆಗೆ ಚಡ್ಡಿಯಲ್ಲಿ ಆಯಿತು. ಶುಕ್ರವಾರವೂ ಆಯಿತು. ಅದಾಗಿ ಎರಡು ವಾರ ಹೀಗೇ. ಕರಟದಲ್ಲಿ ನಾಲ್ಕು ಚಿಪ್ಪು ಕೂಡ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಎಂತ ಮಾಡ್ತಿದ್ದೆ ನೀನು ಮಂಜಕ್ಕ? ಡಾಕ್ಟ್ರು ದಿನಾ ಒಂದೇ ಹೊತ್ತಿಗೆ ಅಂದ್ರು. ಒಂದು ದಿನ ಹತ್ತು, ಒಂದು ದಿನ ಹನ್ನೆರಡು, ಇದೆಂತ ಆಟವಾ?”

ಮಂಜಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಾ ಒಂದೇ ಹೊತ್ತಿಗೇ ಕೂರ್ಸೂದು ಅಕ್ಕೋರೆ. ದಿನಾ ನೀರು ಇಳಿದ ಹೊತ್ತಿಗೆ. ನಿಮ್ಮ ಗಡಿಯಾರ ದಿನಾ ಬೇರೆ ಬೇರೆ ಹೇಳಿದ್ರೆ ನಾ ಎಂತ ಮಾಡ್ಲಿ?”

ಇಳಿತ ದಿನಕ್ಕೆ ಮುಕ್ಕಾಲು ಗಂಟೆ ಚಿಲ್ಲರೆ ಮುಂದೆ ಹೋಗುತ್ತದೆ, ಇದು ಹೊಳೆಬದಿಯಲ್ಲಿ ಯಾರಿಗೆ ಗೊತ್ತಿಲ್ಲ? ಹೊಳೆ ಇಳಿದಾಗ ಹೊಟ್ಟೆಯೂ ಇಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಹೆಕ್ಕುವ ಬಳಚನ್ನು ಅರ್ಧಕ್ಕೇ ಬಿಟ್ಟು, ಏದುಸಿರು ಬಿಡುತ್ತ ಅಷ್ಟು ದೂರ ಓಡಿ ಬರುತ್ತಿದ್ದಳು. ಇನ್ನು ಬೈಯುವುದು ಹೇಗೆ? ಆದರೂ ಹೇಳಲೇಬೇಕಿತ್ತು. ಫೋನು ಹಚ್ಚಿ ಡಾಕ್ಟರ ಹತ್ತಿರವೇ ಮಾತಾಡಿಸಿದೆ.

ಡಾಕ್ಟರು ತಾಳ್ಮೆಯಿಂದ ಹೇಳಿದರು. ಹೊಟ್ಟೆಗೂ ಚಂದ್ರನಿಗೂ ಸಂಬಂಧವಿಲ್ಲ. ಅನ್ನ ಹೊಟ್ಟೆಗೆ ಬಿದ್ದ ಮೇಲೆ ಕರುಳು ತಾನೇ ಎದ್ದು ಕೆಲಸ ಶುರುಮಾಡುತ್ತದೆ, ಆ ಹೊತ್ತಿಗೆ ಕೂತರೆ ಅರ್ಧ ಕೆಲಸ ಅದೇ ಮಾಡುತ್ತದೆ. ಬೆಳಿಗ್ಗೆ ತಿಂಡಿ ತಿಂದ ಮೇಲೆ ಎಲ್ಲಕ್ಕಿಂತ ಒಳ್ಳೆಯದು. ಮಂಜಿ ಫೋನು ವಾಪಸು ಕೊಟ್ಟು ಹೊಳೆಯ ಕಡೆ ನೋಡಿದಳು.

“ಹಂಗಾರೆ ಹೊಟ್ಟೆಯ ಭರತ ಇಳಿತ ಬೇರೇನೇ. ಉಂಡಾಗ ಏರೂದು, ಉಂಡು ಕೂತಾಗ ಇಳಿಯೂದು” ಎಂದಳು. “ಆತು.”

ಆ ‘ಆತು’ ಅಂದರೆ ಏನೆಂದು ನನಗೆ ಆಗ ಪೂರ್ತಿ ತಿಳಿಯಲಿಲ್ಲ. ತಿಂಡಿ ಮುಗಿಯುವುದು ಎಂಟಕ್ಕೆ, ಜಯಂತಿ ಬಸ್ಸು ಹತ್ತುವುದೂ ಎಂಟಕ್ಕೆ. ಕೂರಿಸಬೇಕಾದವಳು ಮಂಜಿ. ಅಂದರೆ ಇಳಿತ ಬೆಳಗಿನ ಹೊತ್ತಿಗೆ ಬೀಳುವ ಅಷ್ಟೂ ದಿನ ಅವಳು ಹೊಳೆ ಬಿಡಬೇಕು. ಪ್ರತಿ ಪಕ್ಷದಲ್ಲಿ ಹೆಚ್ಚುಕಮ್ಮಿ ಒಂದು ವಾರ. ಐವತ್ತು ವರ್ಷದಲ್ಲಿ ಬಾಣಂತಿತನ ಬಿಟ್ಟರೆ ಇಳಿತ ತಪ್ಪಿಸದವಳು ದಂಡೆಯ ಮೇಲೆ ಉಳಿದಳು. ಉಳಿದ ಹೆಂಗಸರು ನೀರಿಗೆ ಇಳಿಯುತ್ತ ತಮಾಷೆ ಮಾಡಿದರು. “ಮಂಜಿ ಈಗ ಸಂಡಾಸ ಕಾಯ್ತದೆ” ಎಂದಳು ತಿಮ್ಮಕ್ಕ, ಅವಳ ಜೊತೆಗಾರ್ತಿ.

“ಹೌದೇ, ಕಾಯ್ತೆ. ಬಳಚು ನಾಳೆನೂ ಇರ್ತದೆ. ಮಗು ನಾಳೆ ಇಷ್ಟೇ ಸಣ್ಣ ಇರ್ತದ್ಯಾ?” ಎಂದಳು ಮಂಜಿ.

ಗಡಿಯಾರಕ್ಕೆ ಹೊಸ ಸೆಲ್ ಬಂತು. ಮಂಜಿಗೆ ಓದಲು ಬಾರದು, ದೊಡ್ಡ ಮುಳ್ಳು ಮೇಲೆ, ಸಣ್ಣ ಮುಳ್ಳು ಎಡಗಡೆ ಕೆಳಗಿನ ಎಂಟರ ಗೆರೆಯಲ್ಲಿ ಬಂದಾಗ ಎಂದು ಜಯಂತಿ ಸುಣ್ಣದಿಂದ ಗುರುತು ಮಾಡಿಕೊಟ್ಟಳು. ಶಾಲೆಯಲ್ಲಿ ಬಿಸಿಯೂಟ ಆದ ಮೇಲೆ ಒಂದು, ಎರಡನೇ ಇಯತ್ತೆಯ ಮಕ್ಕಳೆಲ್ಲ ಸಾಲಾಗಿ ಹೋಗಿ ಬರಬೇಕು ಎಂದು ನಾನು ಹೊಸ ಪದ್ಧತಿ ಮಾಡಿದೆ, ಸುಚಿತಾ ಒಬ್ಬಳೇ ಕಾಣಿಸದಿರಲಿ ಎಂದು. ಆಮೇಲೆ ಗೊತ್ತಾಯಿತು, ಹಾಗೆ ತಡೆದು ಕೂರುತ್ತಿದ್ದ ಮಕ್ಕಳು ಇನ್ನೂ ಇಬ್ಬರಿದ್ದರು.

ನವೆಂಬರ್ ಮುಗಿಯುವಾಗ ಕರಟದಲ್ಲಿ ಹದಿನೆಂಟು ಚಿಪ್ಪು. ಡಿಸೆಂಬರಿನಲ್ಲಿ ಭಟ್ಕಳದಲ್ಲಿ ನೆಂಟರ ಮದುವೆಯಾಯಿತು. ಮೂರು ದಿನ ಅಲ್ಲೇ ಉಳಿದರು, ಪುಡಿ ಮನೆಯಲ್ಲೇ ಮರೆತಿದ್ದರು, ಹೊತ್ತುಗೊತ್ತಿಲ್ಲದ ಊಟ. ವಾಪಸು ಬಂದ ವಾರ ಮತ್ತೆ ಮೊದಲಿನ ಹಾಗೆಯೇ. ಸುಚಿತಾ ಕರಟ ಎತ್ತಿ ಅಂಗಳಕ್ಕೆ ಎಸೆದಳಂತೆ. ದಿನಕರನೂ ಆ ದಿನ ಮನೆಯಲ್ಲಿದ್ದ, ಮಗಳಿಗೆ ಹೊಡೆಯಲು ಕೈ ಎತ್ತಿದ. ಮಂಜಿ ನಡುವೆ ನಿಂತು ಹೇಳಿದ್ದು ಇಷ್ಟೇ: “ಹೊಡೂದಾದ್ರೆ ನಂಗೆ ಹೊಡಿ, ಪುಡಿ ಮರ್ತವ್ಳು ನಾನು.” ಆಮೇಲೆ ಅಂಗಳದಲ್ಲಿ ಕೂತು ಚಿಪ್ಪುಗಳನ್ನು ಒಂದೊಂದಾಗಿ ಹೆಕ್ಕಿ ಕರಟಕ್ಕೆ ತುಂಬಿದಳು. ಡಾಕ್ಟರು ಮತ್ತೆ ಮೊದಲಿನಿಂದ ಶುರುಮಾಡಿಸಿದರು.

ಜನವರಿ ಬಂತು. ಪ್ರವಾಸದ ಹಿಂದಿನ ಹನ್ನೊಂದು ದಿನ ಹುಡುಗಿ ಶುದ್ಧವಾಗಿಯೇ ಇದ್ದಳು. ಆದರೆ ಅದು ಮಂಜಿ ಕೂರಿಸಿದಾಗ ಕೂತದ್ದರಿಂದ. ಬಂತು ಎಂದು ಅವಳಿಗೇ ತಿಳಿಯುತ್ತದೆಯೇ ಎಂಬುದು ಇನ್ನೂ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಮಂಜಿ ಹುಡುಗಿಗೆ ಐದಕ್ಕೇ ತಿಂಡಿ ಕೊಟ್ಟು ಕೂರಿಸಿ ಕರೆತಂದಿದ್ದಳು. ಏನೂ ಆಗಿರಲಿಲ್ಲ. ನನ್ನ ಕೈಗೆ ಒಂದು ಚೀಲ ಕೊಟ್ಟಳು. ಒಳಗೆ ಒಗೆದು ಮಡಿಚಿದ ಒಂದು ಲಂಗ, ಎರಡು ಚಡ್ಡಿ, ಒಂದು ಸಾಬೂನು ತುಂಡು. “ನಿಮ್ ಹತ್ರ ಇರ್ಲಿ ಅಕ್ಕೋರೆ” ಎಂದಳು. ತಿಮ್ಮಪ್ಪ ಬಸ್ಸಿನ ಮುಂದಿನ ಸೀಟಿನಲ್ಲೇ ಕೂತಿದ್ದ.

ಅಪ್ಸರಕೊಂಡದಲ್ಲಿ ಮಕ್ಕಳು ಜಲಪಾತ ನೋಡಿದರು, ಕೂಗಿದರು, ಅವಲಕ್ಕಿ ತಿಂದರು. ಕಡಲಿನ ಕಡೆ ಇಳಿಯಲು ಸಾಲು ಮಾಡುತ್ತಿದ್ದೆ. ನನ್ನ ಸೆರಗು ಯಾರೋ ಜಗ್ಗಿದರು. ಸುಚಿತಾ. ಮುಖ ಕೆಂಪಾಗಿದೆ.

“ಅಕ್ಕೋರೆ, ಬಂತು. ಈಗ್ಲೇ ಹೋಗ್ಬೇಕು.”

ಒಂದನೇ ಇಯತ್ತೆಯಲ್ಲಿದ್ದಾಗ ಕೇಳಿದ್ದನ್ನೇ ಅದೇ ಹುಡುಗಿ ಅದೇ ನನ್ನ ಹತ್ತಿರ ಮತ್ತೆ ಕೇಳುತ್ತಿದ್ದಾಳೆ. ನಾನು ಸಾಲು, ಮಕ್ಕಳು, ಸೀಟಿ ಎಲ್ಲ ಬಿಟ್ಟು ಅವಳ ಕೈ ಹಿಡಿದು ಓಡಿದೆ. ಐವತ್ನಾಲ್ಕು ವರ್ಷದ ಮೈ, ಮೊಣಕಾಲು ನೋವು, ಆದರೂ ಓಡಿದೆ. ಶೌಚಾಲಯದ ಎದುರು ಪ್ರವಾಸಿಗಳ ಸಾಲು. ಟೋಪಿ ಹಾಕಿದ ಹೆಂಗಸೊಬ್ಬಳು “ಮೇಡಂ, ಕ್ಯೂ ಇದೆ” ಎಂದಳು. ನನ್ನ ಸಿಟ್ಟು ಜನ್ಮದಲ್ಲಿ ಒಂದು ಸಲ ಒಳ್ಳೆಯ ಕೆಲಸಕ್ಕೆ ಬಂತು. “ಸರೀರಿ ಎಲ್ಲರೂ! ಇದು ಮಗು!” ಎಂದು ಕೂಗಿದ ದನಿಗೆ ಇಡೀ ಸಾಲು ಗೋಡೆಗೆ ಅಂಟಿತು.

ಒಳಗಿನಿಂದ ಸಣ್ಣ ದನಿ ಬಂತು. “ಅಕ್ಕೋರೆ, ಅಲ್ಲೇ ಇದ್ರಾ?”

“ಇದ್ದೆ ಮಗಾ. ಬಾಗಿಲು ಹಿಡ್ಕಂಡೇ ಇದ್ದೆ. ನಿಧಾನ ಆಗ್ಲಿ.”

ಸ್ವಲ್ಪ ಹೊತ್ತಿಗೆ ನೀರು ಹಾಕುವ ಸದ್ದು. ಬಾಗಿಲು ತೆರೆದು “ಆತು” ಎಂದಳು, ಥೇಟ್ ಅಜ್ಜಿಯ ಹಾಗೆಯೇ. ನಾನು ಅಲ್ಲೇ ಅತ್ತುಬಿಟ್ಟೆ. ಟೋಪಿಯ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟಳು.

ಸಂಜೆ ಬಸ್ಸು ಶಾಲೆಗೆ ಬಂದಾಗ ಹೊಳೆ ಪೂರ್ತಿ ಇಳಿದಿತ್ತು. ಹೆಂಗಸರೆಲ್ಲ ಕೆಸರಿನಲ್ಲಿದ್ದರು. ಮಂಜಿ ಮಾತ್ರ ಶಾಲೆಯ ಗೇಟಿನಲ್ಲಿ ನಿಂತಿದ್ದಳು, ಸೀರೆ ಒಣಗಿತ್ತು. ಸುಚಿತಾ ಇಳಿದವಳೇ ಮಂಗ ಅವಲಕ್ಕಿ ಕಸಿದದ್ದು, ನೀರು ಮೇಲಿನಿಂದ ಬೀಳುವುದು ಎಲ್ಲ ಒಂದೇ ಉಸಿರಿಗೆ ಹೇಳತೊಡಗಿದಳು. ಸಂಡಾಸದ ಸುದ್ದಿ ಎತ್ತಲೇ ಇಲ್ಲ, ಮರೆತೇ ಹೋಗಿತ್ತು ಅವಳಿಗೆ.

ನಾನು ಚೀಲ ವಾಪಸು ಕೊಟ್ಟೆ. ಮಂಜಿ ಕೈ ಹಾಕಿ ಲಂಗ ಹೊರಗೆ ತೆಗೆದಳು. ಬೆಳಿಗ್ಗೆ ಮಡಿಚಿದ ಮಡಿಕೆ ಹಾಗೇ ಇತ್ತು. ಅದನ್ನು ಮೂಗಿಗೆ ಹಿಡಿದಳು, ಬರೇ ಸಾಬೂನಿನ ವಾಸನೆ. ಮೆಟ್ಟಿಲ ಮೇಲೆ ಕೂತು ಲಂಗವನ್ನು ಮುಖಕ್ಕೆ ಒತ್ತಿಕೊಂಡಳು. ತಿಮ್ಮಪ್ಪ ಬಸ್ಸಿನಿಂದ ಇಳಿದು, ನೋಡಿ, “ನಾಳೆಯಿಂದ ಯಾರೂ ಬಾಯಿ ತೆಗೆಯೂದಿಲ್ಲ ಮಂಜಕ್ಕ, ನಾ ಹೇಳ್ತೆ” ಎಂದು ಸರಸರ ನಡೆದ.

ಎದ್ದ ಮೇಲೆ ಮಂಜಿ ಚೀಲವನ್ನು ಮತ್ತೆ ನನ್ನ ಕೈಗೇ ಕೊಟ್ಟಳು. “ಇದು ಶಾಲೇಲೇ ಇರ್ಲಿ ಅಕ್ಕೋರೆ. ಬೇರೆ ಯಾವ ಮಗೂಗಾದ್ರೂ ಬೇಕಾತದೆ.” ಮೊಮ್ಮಗಳ ಕೈ ಹಿಡಿದು ದಂಡೆಯ ಕಡೆ ನಡೆದಳು, ಇನ್ನೂ ಒಂದಿಷ್ಟು ಇಳಿತ ಉಳಿದಿತ್ತು.

ಚೀಲ ಈಗ ನನ್ನ ಕಪಾಟಿನಲ್ಲಿದೆ. ಸುಚಿತಾ ಮೂರನೇ ಇಯತ್ತೆಗೆ ಹೋದಳು, ಪುಡಿಯನ್ನು ಡಾಕ್ಟರು ಈಗ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಿದ್ದಾರೆ. ಮಂಜಿ ಇನ್ನೂ ಬೆಳಿಗ್ಗೆ ಎಂಟು ದಾಟುವ ತನಕ ದಂಡೆಯ ಮೇಲೆಯೇ. ಹೋದ ವಾರ ಲೆಕ್ಕದ ಹೊತ್ತಿನಲ್ಲಿ ಒಂದನೇ ಇಯತ್ತೆಯ ಹೊಸ ಹುಡುಗನೊಬ್ಬ ಎದ್ದು ನಿಂತು, ನನ್ನ ಮುಖ ನೋಡಿ ಹೆದರಿ, ಮಾತಾಡದೆ ಹಾಗೇ ಕೂತ. ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. “ಹೋಗಬೇಕಾ ಮಗಾ? ಹೋಗು, ಓಡು” ಎಂದೆ. ಬೆಲ್ ಆಗಲು ಇನ್ನೂ ಇಪ್ಪತ್ತು ನಿಮಿಷ ಇತ್ತು.